ಎಡಗಾಲಿನ ತಪ್ಪು

ಸಂಗೀತದ ಗುರುವಿನ ಬಳಿಗೆ ಒಬ್ಬ ಹಳೆಯ ಶಿಷ್ಯ ಬಂದು ಕೇಳಿದ: “ಗುರುಗಳೇ, ನಾನೂ ಈಗ ನಾಲ್ಕು ಜನಕ್ಕೆ ಪಾಠ ಹೇಳುತ್ತೇನೆ. ಅವರಲ್ಲಿ ಒಬ್ಬಳ ಕಂಠ ನನ್ನದಕ್ಕಿಂತ ದೊಡ್ಡದು. ಅವಳು ಹಾಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಇಂಥ ಹೊಟ್ಟೆಕಿಚ್ಚು ಇಟ್ಟುಕೊಂಡು ಪಾಠ ಹೇಳಬಹುದೇ?”

ಗುರು ತಂಬೂರಿಯನ್ನು ಗೋಡೆಗೆ ಒರಗಿಸಿಟ್ಟು ಈ ಕತೆ ಹೇಳಿದರು.

ಏಕನಾಥ ಎಂಬ ಒಬ್ಬ ಗೋಲ್‌ಕೀಪರ್ ಇದ್ದ. ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಹರೆಯವನ್ನೆಲ್ಲ ಕೊಟ್ಟವನು. ಗೋಲ್‌ಕೀಪರನ ಪಾಡು ವಿಚಿತ್ರ. ಅವನು ಹಿಡಿದ ಚೆಂಡುಗಳನ್ನು ಜನ ಆಟ ಮುಗಿಯುವಷ್ಟರಲ್ಲಿ ಮರೆಯುತ್ತಾರೆ, ಬಿಟ್ಟ ಚೆಂಡನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ. ಏಕನಾಥ ಒಂದು ಫೈನಲ್‌ನಲ್ಲಿ ಕೈಗೆ ಬಂದ ಚೆಂಡನ್ನು ಬಿಟ್ಟಿದ್ದ. ಕಪ್ಪು ಬೇರೆಯವರ ಪಾಲಾಯಿತು. ರಾಜ್ಯದ ತಂಡಕ್ಕೆ ಒಮ್ಮೆ ಕರೆ ಬಂದರೂ ಬೆಂಚಿನ ಮೇಲೆ ಕೂತು ಎದ್ದು ಬಂದ. ಆಮೇಲೆ ಮಂಡಿ ಕೈಕೊಟ್ಟಿತು. ಕ್ಲಬ್ಬಿನವರು ಅವನನ್ನು ಬಿಡಲಿಲ್ಲ. ಗೋಲ್‌ಕೀಪರುಗಳಿಗೆ ಕೋಚ್ ಮಾಡಿದರು.

ಅವನ ಕೈಕೆಳಗೆ ಪೊನ್ನಪ್ಪ ಎಂಬ ತರುಣ ಬಂದ. ಏಕನಾಥ ಮೈ ನೆಲಕ್ಕೆ ಎಸೆದು ಹಿಡಿಯುತ್ತಿದ್ದ ಚೆಂಡನ್ನು ಪೊನ್ನಪ್ಪ ಎರಡು ಹೆಜ್ಜೆ ಸರಿದು ಎದೆಗೆ ಅವುಚಿಕೊಳ್ಳುತ್ತಿದ್ದ. ಅವಸರವೆಂಬುದೇ ಇರಲಿಲ್ಲ. ಒಂದು ಸಂಜೆ ಕ್ಲಬ್ಬಿನ ಹಿರಿಯರೊಬ್ಬರು ಏಕನಾಥನ ಹೆಗಲ ಮೇಲೆ ಕೈಯಿಟ್ಟು, “ಆವತ್ತು ಈ ಹುಡುಗ ಇದ್ದಿದ್ದರೆ ಆ ಕಪ್ಪು ನಮ್ಮದೇ ಆಗಿರ್ತಿತ್ತು ಬಿಡಯ್ಯ” ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಏಕನಾಥ ನಕ್ಕ. ಆ ರಾತ್ರಿ ಅವನಿಗೆ ಅನ್ನ ಸೇರಲಿಲ್ಲ.

ಪೊನ್ನಪ್ಪನಲ್ಲಿ ಒಂದೇ ಒಂದು ದೋಷವಿತ್ತು. ಎದುರಿನವನು ಚೆಂಡು ಒದೆಯುವ ಮೊದಲೇ ಇವನ ಮೈಭಾರ ಎಡಗಾಲಿಗೆ ಇಳಿಯುತ್ತಿತ್ತು. ಬಲಕ್ಕೆ ನೆಲ ಸವರಿಕೊಂಡು ಬಂದ ಬಿರುಸಿನ ಚೆಂಡು ಅವನಿಗೆ ಸಿಗುವಂತಿರಲಿಲ್ಲ. ಗೋಲಿನ ಮುಂದೆ ನಿಂತು ಸವೆದವನ ಕಣ್ಣಿಗೆ ಮಾತ್ರ ಕಾಣುವ ದೋಷ ಅದು. ಏಕನಾಥನಿಗೆ ಮೊದಲ ದಿನವೇ ಕಂಡಿತು. ಅವನು ಹೇಳಲಿಲ್ಲ.

‘ತಾನೇ ಬಿದ್ದು ಕಲಿಯಲಿ, ನನಗೆ ಯಾರು ಹೇಳಿಕೊಟ್ಟಿದ್ದರು?’ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಹುಡುಗನನ್ನು ಎಲ್ಲರೆದುರು ಬಾಯ್ತುಂಬ ಹೊಗಳಿದ. ಹೊಗಳುವವನನ್ನು ಯಾರು ಅನುಮಾನಿಸುತ್ತಾರೆ? ಪ್ರತಿ ಪಂದ್ಯದಲ್ಲೂ ಆ ಬಲಮೂಲೆಗೆ ಒಂದು ಚೆಂಡು ಬರಲಿ ಎಂದು ಕಾದ. ಚೆಂಡು ಒಳಗೆ ಬರದಿರಲಿ ಎಂದು ಬಾಳೆಲ್ಲ ಬೇಡಿದ್ದವನು ಈಗ ಬರಲಿ ಎಂದು ಬೇಡುತ್ತಿದ್ದ.

ಕ್ಲಬ್ಬು ಮತ್ತೆ ಫೈನಲ್ ತಲುಪಿತು. ರಾಜ್ಯದ ತಂಡಕ್ಕೆ ಆಟಗಾರರನ್ನು ಆರಿಸುವವರು ಬಂದು ಕೂತಿದ್ದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಎದುರಾಳಿ ಮುನ್ನುಗ್ಗಿ ಬಂದು ಕಾಲೆತ್ತಿದ. ಅವನು ನೋಡುತ್ತಿದ್ದುದು ಆ ಬಲಮೂಲೆಯನ್ನೇ. ಬೆಂಚಿನ ಮೇಲಿದ್ದ ಏಕನಾಥ ‘ಹೋಗಲಿ’ ಎಂದುಕೊಂಡ. ಆದರೆ ಅದೇ ಗಳಿಗೆಗೆ ಅವನ ಮೈ ತಾನಾಗಿ ಬಲಕ್ಕೆ ಹಾರಿ, ಕೈ ಮುಂದೆ ಚಾಚಿ, ಪಕ್ಕದಲ್ಲಿ ಕೂತವನ ಮೇಲೆ ಬಿತ್ತು.

“ಏನ್ರೀ, ನೀವೇ ಹಿಡಿಯೋಕೆ ಹೋದ್ರಾ?” ಎಂದು ಆತ ನಕ್ಕ.

ಚೆಂಡು ಬಲೆ ಸೇರಿತ್ತು. ಏಕನಾಥನ ನಾಲಗೆಗೆ ಸಕ್ಕರೆ ಹಾಕಿದಂತಾಯಿತು. ಮರುಗಳಿಗೆಯೇ ಚಾಚಿದ್ದ ತನ್ನ ಕೈಯನ್ನು ಕಂಡ. ಹುಡುಗನ ಕೇಡು ಬಯಸಿದ್ದು ಮನಸ್ಸು. ಕೈಗೆ ಆ ಸುದ್ದಿಯೇ ತಿಳಿದಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ವಿರಾಮದಲ್ಲಿ ಪೊನ್ನಪ್ಪ ಬಂದು ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

“ಸರ್, ನಾನು ಎಲ್ಲಿ ತಪ್ಪಿದೆ? ನಿಮ್ಮ ಕಣ್ಣಿಗೆ ಬೀಳದೇ ಇರೋದು ಯಾವುದೂ ಇಲ್ಲ.”

‘ಗ್ರಹಚಾರ ಕಣೋ, ಬಿಡು’ ಎಂಬ ಮಾತು ಏಕನಾಥನ ತುಟಿಯವರೆಗೆ ಬಂದಿತ್ತು. ಅಷ್ಟು ಅಂದಿದ್ದರೆ ಸಾಕಿತ್ತು, ಹುಡುಗ ನಂಬುತ್ತಿದ್ದ. ಅವನು ಆ ಮಾತನ್ನು ನುಂಗಿ ಹೇಳಿದ: “ಅವನು ಒದೆಯೋ ಮೊದಲೇ ನಿನ್ನ ಎಡಗಾಲು ಗುಟ್ಟು ಬಿಟ್ಟುಕೊಡುತ್ತೆ. ಚೆಂಡು ಅವನ ಕಾಲು ಬಿಡೋ ತನಕ ಎರಡೂ ಕಾಲಿನ ಮೇಲೆ ನಿಲ್ಲು.”

“ಯಾವಾಗಿನಿಂದ ಹೀಗೆ ಮಾಡ್ತಿದ್ದೀನಿ ಸರ್?”

“ನೀನು ಬಂದ ದಿನದಿಂದ.”

ಪೊನ್ನಪ್ಪ ಅವನ ಮುಖವನ್ನೇ ನೋಡಿದ. ಅವನಿಗೆ ಅರ್ಥವಾಯಿತು. ಗ್ಲೌಸು ತೊಟ್ಟುಕೊಂಡು ಮೈದಾನಕ್ಕೆ ಇಳಿದ.

ಅದೇ ಎದುರಾಳಿ ಅದೇ ಮೂಲೆಗೆ ಮತ್ತೆ ಒದ್ದ. ಈ ಸಲ ಪೊನ್ನಪ್ಪ ಅಲುಗಾಡದೆ ನಿಂತಿದ್ದು, ಕೊನೆಯ ಗಳಿಗೆಯಲ್ಲಿ ಹಾರಿ ಚೆಂಡನ್ನು ಬೆರಳತುದಿಯಿಂದ ಹೊರಗೆ ತಳ್ಳಿದ. ಜನ ಎದ್ದು ನಿಂತು ಕೂಗಿದರು. ಅವನ ತಂಡ ಎರಡು ಗೋಲು ಹೊಡೆದು ಕಪ್ಪು ಗೆದ್ದಿತು. ಏಕನಾಥನ ಹೊಟ್ಟೆ ಅಷ್ಟು ಉರಿದದ್ದು ಆವರೆಗೆ ಎಂದೂ ಇರಲಿಲ್ಲ. ತಾನು ಕನಸಿನಲ್ಲಿ ಸಾವಿರ ಸಲ ತಡೆದಿದ್ದ ಚೆಂಡನ್ನು ಇನ್ನೊಬ್ಬ ಹಗಲಿನಲ್ಲಿ ತಡೆದಿದ್ದ, ಅದೂ ತಾನು ಹೇಳಿಕೊಟ್ಟ ಮಾತಿನಿಂದ.

ಪೊನ್ನಪ್ಪ ರಾಜ್ಯದ ತಂಡಕ್ಕೆ ಆಯ್ಕೆಯಾದ. ಹೊರಡುವ ದಿನ ಕ್ಲಬ್ಬಿನ ಹಿರಿಯರೆಲ್ಲರ ಕಾಲು ಮುಟ್ಟಿ ನಮಸ್ಕರಿಸಿದ. ಏಕನಾಥನಿಗೆ ಮಾತ್ರ ಬರಿದೆ ಕೈ ಕುಲುಕಿ ಹೋದ. ಏಕನಾಥ ಯಾರ ಬಳಿಯೂ ದೂರಲಿಲ್ಲ.

ಮರುವರ್ಷ ಇನ್ನೊಬ್ಬ ಕೀಪರ್ ಬಂದ. ಅವನೂ ಏಕನಾಥನಿಗಿಂತ ಮೇಲು. ಅವನ ಕೈಗಳಲ್ಲಿದ್ದ ದೋಷವನ್ನು ಏಕನಾಥ ಮೊದಲ ದಿನವೇ ಹೇಳಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಹಗುರಾಗಿತ್ತು. “ಹಾಗಾದರೆ ಕೊನೆಗೆ ಅವನ ಹೊಟ್ಟೆಕಿಚ್ಚು ಆರಿತು ಅನ್ನಿ” ಎಂದ.

“ಇಲ್ಲಪ್ಪ, ಅದು ಇವತ್ತಿಗೂ ಅವನ ಜೊತೆಯಲ್ಲೇ ಮೈದಾನಕ್ಕೆ ಬರುತ್ತದೆ, ಪಾಠ ಹೇಳುವುದು ಮಾತ್ರ ಅದಲ್ಲ, ಅವನು.”