ರಾಣಿ ನೀಲಾಂಬೆಯ ಓಲೆಕಟ್ಟು

"ಕೇಳ್ರಪ್ಪೋ ಕೇಳ್ರಿ! ರಾಣಿಯವರ ಪೆಟ್ಟಿಗೆಯಲ್ಲಿ ಸಿಕ್ಕ ಓಲೆಕಟ್ಟು ಬರೆದವರು ಯಾರು, ಅದು ಯಾವ ಲಿಪಿ, ಯಾರಿಗಾಗಿ ಬರೆದದ್ದು? ಮೂರನ್ನೂ ಬಿಡಿಸಿದವರಿಗೆ ಏಳು ಹಳ್ಳಿ ಉಂಬಳಿ. ತಪ್ಪಿದವರಿಗೆ ಹುಣ್ಣಿಮೆಯ ದಿನ ಶೂಲ. ಯಾರೂ ಬಿಡಿಸದಿದ್ದರೆ ಅದೇ ದಿನ ರಾಣಿಯವರು ತವರಿಗೆ, ಮತ್ತೆ ಬರದ ಹಾಗೆ!"

ಕರಿಗುಡ್ಡದ ದೊರೆ ಮಲ್ಲಿದೇವ ಹೀಗೆ ಡಂಗುರ ಹೊಡೆಸಿದ. ಅವನು ಕೆಟ್ಟವನಲ್ಲ. ಹೆಂಡತಿಯನ್ನು ಕಂಡರೆ ಪ್ರಾಣ. ಆದರೆ ಅವಳು ನಕ್ಕರೆ ಯಾರನ್ನು ನೋಡಿ ನಕ್ಕಳೆಂದು ಮೂರು ದಿನ ಲೆಕ್ಕ ಹಾಕುವ ಜಾತಿ. ರಾಣಿ ನೀಲಾಂಬೆ ಹಾಸಿಗೆಯಲ್ಲಿ ಕೂತು ಹಳೆಯ ಓಲೆಯೊಂದರ ಮೇಲೆ ಬೆರಳಾಡಿಸಿ ತನ್ನಷ್ಟಕ್ಕೆ ನಗುವುದನ್ನು ಅವನು ಬಾಗಿಲ ಸಂದಿಯಿಂದ ಕಂಡ. ಅಂದಿನಿಂದ ಅನ್ನ ರುಚಿಸಲಿಲ್ಲ.

"ಯಾರು ಬರೆದದ್ದು?" ಎಂದು ಕೇಳಿದ್ದ.

ಕದ್ದು ನೋಡಿದವನಿಗೆ ನೇರ ಉತ್ತರ ಕೊಡುವ ಮನಸ್ಸು ಅವಳಿಗೆ ಬರಲಿಲ್ಲ. "ಅಕ್ಷರ ಬಾರದವರು. ಆದರೆ ಅವರ ಕೈ ಒಮ್ಮೆಯೂ ತಪ್ಪಿದ್ದಿಲ್ಲ."

"ಕೈಯ ಮಾತು ಬೇರೆ! ಯಾವ ಲಿಪಿ?"

"ಹೋಗುವಾಗ ಅರ್ಧ ನುಡಿಯುತ್ತದೆ, ಬರುವಾಗ ಉಳಿದರ್ಧ. ಬೆನ್ನಿಗೂ ಮುಖಕ್ಕೂ ಭೇದವಿಲ್ಲ."

"ಹೋಗುವುದು ಬರುವುದೂ ಇದೆಯೋ! ಯಾರಿಗಾಗಿ?"

"ನೀವಿನ್ನೂ ಮುಖ ನೋಡದವರಿಗಾಗಿ. ಅರಮನೆಯಲ್ಲೇ ಇದ್ದಾರೆ. ಬಾಗಿಲಿಂದ ಬಂದವರಲ್ಲ."

"ಹಾಗಾದರೆ ಕಿಟಕಿಯಿಂದ!" ಎಂದು ಕೂಗಿದ ದೊರೆ ಅಟ್ಟ, ಕಣಜ, ಕುದುರೆ ಲಾಯ ಎಲ್ಲವನ್ನೂ ತಡಕಿಸಿದ. ಒಂದು ಮುದಿ ಬೆಕ್ಕು ಸಿಕ್ಕಿತು. ಆಮೇಲೆ ಅವಳ ಮೂರು ಮಾತುಗಳನ್ನೇ ಒಗಟಾಗಿ ಸಭೆಯ ಮುಂದಿಟ್ಟ.

ಆಸ್ಥಾನ ಪಂಡಿತ ಶ್ರೀನಿಧಿಶಾಸ್ತ್ರಿಗಳು ಮೊದಲು ಎದ್ದರು. "ಇದು ಹಿಮಾಲಯದ ಮೌನಿ ಸಿದ್ಧರ ಗೂಢಲಿಪಿ. ದೇವತೆಗಳಿಗಾಗಿ ಬರೆದದ್ದು."

"ಸಿದ್ಧರಿಗೆ ಅಕ್ಷರ ಬಾರದೇ?" ಎಂದ ದೊರೆ. ಶಾಸ್ತ್ರಿಗಳು ಸೆರೆಮನೆಗೆ ಹೋದರು.

ಶಾಸ್ತ್ರಿಗಳ ಪೀಠದ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ ಆಸ್ಥಾನ ಕವಿ ರಸಭೂಷಣ ಮಾರನೇ ದಿನವೇ ಎದ್ದ. "ಪಡುವಣ ಕಡಲಿನ ಹಡಗಿನವನ ಲಿಪಿ, ಪ್ರಭು. ಹೋಗುತ್ತಾನೆ, ಬರುತ್ತಾನೆ. ಕ್ಷಮಿಸಬೇಕು, ಇದು ಪ್ರೇಮಪತ್ರ."

ದೊರೆಯ ಮುಖ ಕಪ್ಪಿಟ್ಟಿತು. ಹೊಟ್ಟೆಕಿಚ್ಚಿಗೆ ಹಿತವಾಗುವ ಉತ್ತರ ಒಂದೇ, ಅತಿ ಹೆಚ್ಚು ಉರಿಸುವಂಥದ್ದು. "ಹಾಗಾದರೆ ಅವನೆಲ್ಲಿ? ತೋರಿಸು!" ಎಂದ. ಹಡಗಿನವನನ್ನು ತೋರಿಸಲಾಗದೆ ಕವಿಯೂ ಶಾಸ್ತ್ರಿಗಳ ಪಕ್ಕದ ಕೋಣೆ ಸೇರಿದ. ಅಲ್ಲಿಯೂ ಇಬ್ಬರೂ ಗೋಡೆಯಾಚೆಯಿಂದ ಹಿಮಾಲಯವೋ ಕಡಲೋ ಎಂದು ಜಗಳ ಬಿಡಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ದ್ಯಾವಪ್ಪ ಬಂದ. ಊರೂರಿಗೆ ತಿರುಗಿ, ಹೆಂಗಸರ ಜಗಲಿಯಲ್ಲಿ ಕೂತು ಸೂಜಿ ದಾರ ಮಾರುವ ಹುಡುಗ.

"ಸೂಜಿ ಮಾರವ್ನ, ಶೂಲ ಎಷ್ಟುದ್ದ ಇರ್ತದ ಗೊತ್ತೈತೇನು?" ಎಂದು ಕಾವಲಿನವ ನಕ್ಕ.

"ಗೊತ್ತೈತಿ ಯಣ್ಣಾ. ಅದೂ ಒಂದು ಸೂಜಿನ. ನಾಜೂಕಿಲ್ಲ, ಅಷ್ಟ."

ಸಭೆಯಲ್ಲಿ ಅವನು ಓಲೆಯನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದ. "ಎರಡನೇದರಿಂದ ಶುರು ಮಾಡ್ತೀನ್ರಿ, ದೊರಿ. ಇದು ಲಿಪಿ ಅಲ್ರಿ. ಗವಂತಿ ಹೊಲಿಗಿ."

"ಏನದು?"

"ಕಸೂತಿ ಒಳಗಿನ ಹೊಲಿಗಿರಿ. ಸೂಜಿ ಹೋಗುವಾಗ ಒಂದು ಎಳಿ ಹಾಕ್ತದ, ಒಂದು ಬಿಡ್ತದ. ತಿರುಗಿ ಬರುವಾಗ ಬಿಟ್ಟಿದ್ದನ್ನ ತುಂಬ್ತದ. ಅರಿವಿ ಯಾವ ಮಗ್ಗಲು ಹೊಳ್ಳಿಸಿದ್ರೂ ಒಂದ ಚಿತ್ರ. ಈ ಓಲಿ ಮುಂದಿನ ಮಗ್ಗಲಿಗೆ ಹೋಗೂ ಎಳಿ, ಹಿಂದಿನ ಮಗ್ಗಲಿಗೆ ಬರೂ ಎಳಿ ಗೀರ್ಯಾರ. ಪಂಡಿತರು ಒಂದ ಮಗ್ಗಲು ಓದ್ಯಾರ."

ಓಲೆಯನ್ನು ಬಿಸಿಲಿಗೆ ಹಿಡಿದ. ಸೂಜಿಮೊನೆಯಿಂದ ಆಳವಾಗಿ ಗೀರಿದ ಗೆರೆಗಳು ಎರಡೂ ಕಡೆಯಿಂದ ಬೆಳಕಿನಲ್ಲಿ ಕೂಡಿಕೊಂಡವು. ಅಕ್ಷರಗಳಂತೆ ಕಂಡಿದ್ದ ತುಂಡುಗೆರೆಗಳು ಒಂದು ಗೋಪುರವಾದವು.

"ಇನ್ನ ಬರೆದವ್ರು. ಕಸೂತಿಯವ್ರು ಅರಿವಿ ಮ್ಯಾಲೆ ಮೊದಲ ನೀಲಿ ಗೆರಿಯಿಂದ ಚಿತ್ರ ಬರ್ಕೊಳ್ಳಂಗಿಲ್ರಿ, ಅರಿವಿ ಎಳಿ ಎಣಿಸಿ ಹೊಲೀತಾರ. ಕಣ್ಣು ಮಂಜಾದ ಮುದುಕಿ ಮಾತ್ರ, ತನ್ನ ಎಣಿಕಿ ತನ್ನ ಸಂಗಾಟ ಸಾಯಬಾರದು ಅಂತ ಓಲಿ ಮ್ಯಾಲೆ ಗೀರ್ತಾಳ. ಅಕ್ಷರ ಬಾರದವ್ಳು, ಎಣಿಕಿ ತಪ್ಪದವ್ಳು. ನಿಮ್ಮಜ್ಜಿ ಹೌದಲ್ರೀ, ಅವ್ವಾರ?"

"ತಾಯಿಯ ತಾಯಿ," ಎಂದಳು ರಾಣಿ.

ದೊರೆ ಸಿಂಹಾಸನದ ತುದಿಗೆ ಸರಿದಿದ್ದ. "ಮೂರನೆಯದು? ಮನೆಯೊಳಗಿರುವವನು ಯಾರು?"

"ಹೆದರಿಕಿ ಆಗ್ತದರಿ ಹೇಳಾಕ."

"ಹೇಳದಿದ್ದರೆ ನಾಳೆ ಶೂಲ."

"ಈ ಗೋಪುರ ನೆತ್ತಿ ಮ್ಯಾಲೆ ಬರೂದು. ಈ ಇನ್ನೊಂದು ಓಲಿಯೊಳಗಿನ ತುಳಸಿಕಟ್ಟಿ ಬೆನ್ನಿನ ಮ್ಯಾಲೆ. ಇದು ಕುಂಚಿಗಿರಿ, ಕೂಸಿಗೆ ತಲಿಯಿಂದ ಬೆನ್ನತನ ಹೊದಿಸೂ ಕುಂಚಿಗಿ. ನೆತ್ತಿಗೆ ಬರೇ ಇಪ್ಪತ್ತು ಎಳಿ ಹಿಡಿದಾಳ ಮುದುಕಿ. ಇಷ್ಟು ಸಣ್ಣ ತಲಿ ಹಡಗಿನವಂದು ಇರಂಗಿಲ್ರಿ."

ಯಾರೋ ಕಿಸಕ್ಕೆಂದರು. ದೊರೆ ರಾಣಿಯ ಕಡೆ ತಿರುಗಿದ.

"ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬಾರದು ಅಂತ ನಮ್ಮ ಮನೆಯ ನೇಮ," ಎಂದಳು ನೀಲಾಂಬೆ. "ನಿನ್ನೆ ತುಂಬಿತು. ಹೇಳಲು ಬಂದೆ. ನೀವು ನನ್ನ ಕಿಟಕಿಗೆ ಕಬ್ಬಿಣದ ಸರಳು ಹಾಕಿಸುತ್ತಿದ್ದಿರಿ."

"ನನ್ನ ಮಗುವಿನ ಮೇಲೆಯೇ ಹೊಟ್ಟೆಕಿಚ್ಚು..." ಎಂದ ದೊರೆ.

"ಹೌದು. ನಿಮ್ಮ ಮಗುವಿನ ಮೇಲೆಯೇ."

ಶೂಲ ಇಳಿಯಿತು. ಶಾಸ್ತ್ರಿಗಳೂ ಕವಿಯೂ ಹೊರಬಂದರು. ಕಸೂತಿ ಹಿಮಾಲಯದಿಂದ ಬಂತೋ ಕಡಲಾಚೆಯಿಂದಲೋ ಎಂಬ ವಾದ ಸೆರೆಮನೆಯ ಹೊಸ್ತಿಲಲ್ಲೇ ಶುರುವಾಯಿತು. ದ್ಯಾವಪ್ಪ ಏಳು ಹಳ್ಳಿಯನ್ನು ಬೇಡವೆನ್ನದೆ ತೆಗೆದುಕೊಂಡ. ಸೂಜಿ ಮಾರುವುದನ್ನು ಮಾತ್ರ ಬಿಡಲಿಲ್ಲ. ತಿಂಗಳಿಗೊಮ್ಮೆ ಬಣ್ಣದ ದಾರ ಹಿಡಿದು ಅಂತಃಪುರದ ಜಗಲಿಗೆ ಬರುವನು. ರಾಣಿ ಕುಂಚಿಗೆ ಹೊಲಿಯುವಳು, ಎಣಿಕೆಯಲ್ಲಿ ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯದು.

ಅವನು ಬಂದ ದಿನವೆಲ್ಲ ದೊರೆ ರಾಜ್ಯದ ಕೆಲಸ ಬಿಟ್ಟು ಬಂದು ಇಬ್ಬರ ನಡುವೆ ಕೂರುತ್ತಿದ್ದ. ಕಸೂತಿ ಕಲಿಯಲಿಕ್ಕೆ ಎನ್ನುತ್ತಿದ್ದ. ರಾಣಿ ಅದನ್ನು ನಂಬಿದವಳಂತೆ ಅವನ ಕೈಗೂ ಒಂದು ಸೂಜಿ ಕೊಟ್ಟು, ಎಳೆ ಎಣಿಸಲು ಹಚ್ಚುತ್ತಿದ್ದಳು.