ಹತ್ತು ಲೋಟ ಸಾರು

ಹಾಸ್ಟೆಲ್ ವಾರ್ಡನ್ ಶೇಷಗಿರಿಯವರು ಭಲೇ ಆಸಾಮಿ. ಸಾರಿನ ಬೇಳೆಯಲ್ಲಿ ಹತ್ತು ತಿಂಗಳ ಕಾಲ ತಿಂಗಳು ತಿಂಗಳಿಗೂ ಒಂದು ಹಿಡಿ ಕಮ್ಮಿ ಮಾಡುತ್ತಾ ಬಂದರು. ದಿನಾ ಉಣ್ಣೋ ಹುಡುಗರ ಕಣ್ಣಿಗೆ ಅದು ಗೊತ್ತಾಗಲಿಲ್ಲ, ಹೊಟ್ಟೆಗೆ ಗೊತ್ತಾಯಿತು. ದೂರು ಹೋಯಿತು. ತನಿಖೆಗೆ ಇಲಾಖೆಯ ಸಾಹೇಬರು ಹೊರಟರು.

"ಹತ್ತು ತಿಂಗಳ ಸಾರೂ ಒಂದೇ ಅಂತ ನೀನೇ ತೋರಿಸ್ಬೇಕು ಕೆಂಚಮ್ಮ. ಇಲ್ದಿದ್ರೆ ಸೌಟು ಇಟ್ಟು ಮನೆಗೆ ನಡಿ," ಅಂತ ವಾರ್ಡನ್ ಅಡುಗೆಯವಳನ್ನು ಗದರಿದರು.

ಕೆಂಚಮ್ಮ ಆಯಾ ತಿಂಗಳ ಅಳತೆಯಲ್ಲೇ ಸಾರು ಮಾಡಿ, ಹತ್ತು ಗಾಜಿನ ಲೋಟಕ್ಕೆ ಹುಯ್ದು, ಸಾಲಾಗಿ ಇಟ್ಟಳು. ಯಾವ ಲೋಟಕ್ಕೂ ಅದರ ಪಕ್ಕದ್ದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. "ಭೇಷ್!" ಅಂದರು ವಾರ್ಡನ್.

ಸಾಹೇಬರೂ ಒಂದೊಂದೇ ನೋಡುತ್ತಾ ಬಂದು, "ಎಲ್ಲಾ ಒಂದೇ ಥರ ಇದೆಯಲ್ಲಮ್ಮ?" ಅಂದರು.

"ಹೌದಲ್ವಾ ಸ್ವಾಮಿ? ಹಂಗಾದ್ರೆ ಇಷ್ಟೊಂದು ಯಾಕೆ," ಅಂತ ಕೆಂಚಮ್ಮ ನಡುವಿನ ಎಂಟು ಲೋಟ ತಟ್ಟೆಗಿಟ್ಟುಕೊಂಡು ಒಳಗೆ ಹೋದಳು.

ಉಳಿದದ್ದು ಎರಡು. ಮೊದಲನೆಯದರ ಆಚೆ ಗೋಡೆಯೂ ಕಾಣುತ್ತಿರಲಿಲ್ಲ. ಕೊನೆಯದರ ಆಚೆ ವಾರ್ಡನ್ ಮುಖ, ಮೀಸೆ ಮೇಲಿನ ಬೆವರಿನ ಸಮೇತ, ಚೆನ್ನಾಗಿ ಕಾಣುತ್ತಿತ್ತು.

"ನಾಳೆಗೆ ಬೇಳೆ ಎಷ್ಟು ಹಾಕ್ಲಿ ಸ್ವಾಮಿ?" ಅಂತ ಒಳಗಿಂದ ಕೆಂಚಮ್ಮ ಕೂಗಿದಳು.

ಸಾಹೇಬರು ಮೊದಲನೇ ಲೋಟವನ್ನು ಎತ್ತಿ ವಾರ್ಡನ್ ಕೈಗೆ ಕೊಟ್ಟರು. "ಹೋಗಿ, ನೀವೇ ಅಳೆದುಕೊಡಿ."