ಮುರಿದ ಮೂಗಿನ ಕಾರಣ

ಹೊಳೆಯ ದಂಡೆಯ ಮಠವೊಂದರಲ್ಲಿ ಮುಪ್ಪಯ್ಯಜ್ಜ ಎಂಬ ಗುರುಗಳಿದ್ದರು. ಮುರಿದ ಎಲುಬು ಕೂಡಿಸುವುದರಲ್ಲಿ ಅವರದು ಎತ್ತಿದ ಕೈ.

ಬಂದವರ ಗಾಯವನ್ನು ವಹಿಯಲ್ಲಿ ಬರೆದಿಡುವುದು ಶಿಷ್ಯ ಮರಿದೇವನ ಕೆಲಸ. ಏನು ಮುರಿದಿದೆ, ಹೇಗೆ ಮುರಿಯಿತು, ಏನು ಮದ್ದು ಮಾಡಿದ್ದಾಯಿತು, ಎಲ್ಲ ಬರೆಯಬೇಕು. ಮಠದ ವಹಿಯಲ್ಲಿ ಇದ್ದದ್ದನ್ನು ಊರ ಪಂಚರು ಎದುರುಮಾತಿಲ್ಲದೆ ನಂಬುತ್ತಿದ್ದರು.

ಮರಿದೇವ ಜಾಣನೇ. ಆದರೆ ಯಾರ ಮಾತಿನ ಮೇಲೂ ಅವನಿಗೆ ನಂಬಿಕೆ ಇಲ್ಲ. ಹಲ್ಲುನೋವು ಎಂದವನ ಬಾಯಿಯನ್ನೂ ಎರಡು ಸಲ ತೆರೆಸಿ ನೋಡುವ ಆಸಾಮಿ.

ಒಂದು ಸಂಜೆ ದುರಗಪ್ಪನೆಂಬ ರೈತ ಮೂಗಿಗೆ ವಸ್ತ್ರ ಒತ್ತಿಕೊಂಡು ಬಂದ. ಮೂಗು ಎಡಕ್ಕೆ ವಾಲಿತ್ತು.

"ಹೆಂಗಾತು?" ಮರಿದೇವ ಕೇಳಿದ.

"ಎತ್ತಿಗೆ ಹಗ್ಗ ಕಟ್ಟಾಕ ಬಗ್ಗಿದ್ನಿರೀ. ತಲಿ ಝಾಡಿಸಿ ಬಡೀತು."

ಮರಿದೇವ ಒಳಗೊಳಗೇ ನಕ್ಕ. ಹೊಲದ ಬದುವಿನ ಸಲುವಾಗಿ ದುರಗಪ್ಪನಿಗೂ ಅವನ ದಾಯಾದಿ ಯಮನಪ್ಪನಿಗೂ ಜಗಳವಾದದ್ದು ಊರಿಗೆಲ್ಲ ಗೊತ್ತು. ಬಡಿದವನ ಹೆಸರು ಹೇಳಲು ಅಂಜಿ, ಪಾಪದ ಎತ್ತಿನ ಮೇಲೆ ಹಾಕುತ್ತಿದ್ದಾನೆ ಎಂದುಕೊಂಡ.

ಅಜ್ಜನವರು ಮೂಗು ನೆಟ್ಟಗೆ ಮಾಡಿ, ಅರಿವೆಯ ಬತ್ತಿ ಇಟ್ಟು ಕಳಿಸಿದರು. ಮರಿದೇವ ವಹಿಯಲ್ಲಿ ಬರೆದ: 'ಮೂಗಿನ ಎಲುಬು ಮುರಿದಿದೆ. ಯಮನಪ್ಪ ಬಡಿದದ್ದರಿಂದ.'

ಮರುದಿನ ಮುಂಜಾನೆ ಪಂಚರ ಆಳು ಬಂದು ಅದನ್ನು ಓದಿಕೊಂಡು ಹೋದ. ಮಠದ ಮೆಟ್ಟಿಲ ಕೆಳಗಿನ ಚಾವಡಿಯಲ್ಲಿ ಪಂಚರು ಕೂತರು. ಯಮನಪ್ಪನಿಗೆ ಊರು ಬಿಡಿಸಬೇಕು ಎಂಬ ಮಾತು ನಡೆಯಿತು.

ಸುದ್ದಿ ಕೇಳಿ ಅಜ್ಜನವರು ವಹಿ ತರಿಸಿ ಓದಿದರು.

"ಯಮನಪ್ಪ ಬಡಿಯೋದು ನೀ ನೋಡಿದೇನು?"

"ಇಲ್ರೀ ಅಜ್ಜಾರ."

"ದುರಗಪ್ಪ ಹೇಳಿದನೇನು?"

"ಅವ ಎತ್ತು ಬಡೀತು ಅಂದ್ರೀ. ಅಂಜಿ ಸುಳ್ಳು ಹೇಳ್ಯಾನ."

"ಮತ್ತ ಆ ಹೆಸರು ಎಲ್ಲಿಂದ ಬಂತು?"

ಮರಿದೇವ ತಲೆ ತಗ್ಗಿಸಿದ. "ಸಂಶಯ ಬಂತ್ರೀ."

"ಬರ್ಲಿ. ಸಂಶಯ ಬಂದ್ರ ಎದ್ದು ಹೋಗಿ ಕೇಳಬೇಕು. ದುರಗಪ್ಪನ ಕೊಟ್ಟಿಗಿ ಇಲ್ಲೇ ಐತಿ. ಹೋಗಿದ್ದೇನು?"

ಅವನು ಹೋಗಿರಲಿಲ್ಲ.

"ಯಮನಪ್ಪನ ಮನ್ಯಾಗ ಬಾಣಂತಿ ಅದಾಳ," ಎಂದರು ಅಜ್ಜನವರು. "ಊರು ಬಿಡಿಸಿದ್ರ ಆ ಕೂಸು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಲಗೂನ ಹೋಗಿ ಪಂಚರಿಗೆ ಹೇಳು."

ಮರಿದೇವ ತಟ್ಟನೆ ಎದ್ದ. ವಹಿಯನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಓಡಿದ. ಮೆಟ್ಟಿಲ ಮೇಲೆ ಕಾಲು ಜಾರಿತು. ಊರಲು ಕೈ ಖಾಲಿ ಇರಲಿಲ್ಲ, ಮೂಗೇ ಹೋಗಿ ಕಲ್ಲಿಗೆ ಬಡಿಯಿತು.

ರಕ್ತ ಸುರಿಸುತ್ತಲೇ ಚಾವಡಿಯಲ್ಲಿ ನಿಂತು ಹೇಳಿದ, "ನಾ ಬರದದ್ದು ತಪ್ಪು ರೀ. ಯಮನಪ್ಪ ಬಡಿದದ್ದು ಯಾರೂ ನೋಡಿಲ್ಲ."

ಪಂಚರು ಅವನ ಮೂಗು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

"ನಿನ್ನಿ ಬರದವ ಇವತ್ತು ಇಲ್ಲ ಅಂತಾನ," ಎಂದ ಹಿರಿಯ ಪಂಚ ಶೆಟ್ಟೆಪ್ಪ. "ಮೂಗು ಬ್ಯಾರೆ ಮುರದೈತಿ. ಯಮನಪ್ಪ ಇವನ್ನೂ ಬಿಟ್ಟಿಲ್ಲ ನೋಡ್ರಿ."

"ಇಲ್ರೀ, ನಾನೇ ಬಿದ್ದೀನಿ. ಮೆಟ್ಟಿಲ ಮ್ಯಾಲೆ."

"ಪಾಪ, ಅಂಜ್ಯಾನ," ಎಂದರು ಎಲ್ಲರೂ.

ಯಮನಪ್ಪನನ್ನು ಎಳೆದು ತರಲು ಆಳುಗಳು ಎದ್ದರು. ಮರಿದೇವನಿಗೆ ಅಳುವೇ ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ಕೇಳುವವರಿಲ್ಲ.

ಅಷ್ಟರಲ್ಲಿ ಅಜ್ಜನವರು ಮೆಟ್ಟಿಲಿಳಿದು ಬಂದರು. ಆಳುಗಳನ್ನು ಕೈಸನ್ನೆಯಿಂದ ನಿಲ್ಲಿಸಿದರು. ಶಿಷ್ಯನ ಮೂಗಿನ ರಕ್ತ ಒರೆಸಿ, ಕಟ್ಟೆಯ ಮೇಲೆ ಕೂತು, ವಹಿ ಬಿಚ್ಚಿ ಲೇಖಣಿಯನ್ನು ಮಸಿಯಲ್ಲಿ ಅದ್ದಿದರು. ಪಂಚರೆಲ್ಲ ಕತ್ತು ಚಾಚಿದರು.

"ಊರು ಯಮನಪ್ಪ ಅಂತೈತಿ, ನೀ ಕಲ್ಲು ಅಂತಿ," ಎಂದರು ಅಜ್ಜನವರು. "ಹೇಳು ಮರಿದೇವಾ, ಯಾರ ಹೆಸರು ಬರೀಲಿ?"